ಬಂಡೆ ಹತ್ತುವ ಜಿಪ್ಸಿಗೆ ಗ್ಯಾಸ್: ನನ್ನ ಅನುಭವ

ತುಮಕೂರಿನಲ್ಲಿ ಎಲ್‌ಪಿಜಿ ಗ್ಯಾಸ್ ಕಿಟ್ ಎಂದರೆ ಇಂಧನದ ಖರ್ಚು ಉಳಿಸುವ ಸಾಧನ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆಫ್‌ರೋಡ್ ಸ್ಪರ್ಧೆಗೆಂದು ಇಟ್ಟುಕೊಂಡಿದ್ದ ನನ್ನ 1298 ಸಿಸಿಯ ಹಳೆಯ ಕಾರ್ಬೊರೇಟರ್ ಮಾರುತಿ ಜಿಪ್ಸಿಯನ್ನು ಪೆಟ್ರೋಲ್‌ನಿಂದ ಬಿಡಿಸಿದ್ದಕ್ಕೆ ಕಾರಣ ಬೇರೆ. ಕೊರಟಗೆರೆ ಕಡೆಯ ಬಂಡೆಗಳ ಮೇಲೆ ಗಾಡಿ ತೀರಾ ವಾಲಿದಾಗ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಚೇಂಬರಿನ ಪೆಟ್ರೋಲ್ ಒಂದು ಬದಿಗೆ ಸರಿದು, ಎಂಜಿನ್ ಒಮ್ಮೆ ಓವರ್‌ಫ್ಲೋ ಆಗಿ, ಇನ್ನೊಮ್ಮೆ ಪೆಟ್ರೋಲ್ ಸಿಗದೆ, ಶಕ್ತಿ ಬೇಕಾದ ಜಾಗದಲ್ಲೇ ಬಂದ್ ಆಗುತ್ತಿತ್ತು. ಅನಿಲಕ್ಕೆ ಫ್ಲೋಟ್ ಬೇಕಿಲ್ಲ, ಗಾಡಿ ಎತ್ತ ವಾಲಿದರೂ ಗಾಳಿಯೊಡನೆ ಬೆರೆಸುವ ಮಿಕ್ಸರಿಗೆ ಅದು ಒಂದೇ ಸಮನೆ ಬರುತ್ತದೆ.

ನಮ್ಮ ಬಂಕ್‌ಗಳಲ್ಲಿ ವಾಹನಕ್ಕೆ ಶುದ್ಧ ಪ್ರೊಪೇನ್ ಹಾಕುವುದಿಲ್ಲ. ಆಟೋರಿಕ್ಷಾಗಳು ತುಂಬಿಸಿಕೊಳ್ಳುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನ್‌ನ ಆಕ್ಟೇನ್ (ಒತ್ತಿದಾಗ ತಾನಾಗಿ ಸಿಡಿಯದೆ ತಾಳುವ ಗುಣ) ಪೆಟ್ರೋಲಿಗಿಂತ ಬಹಳ ಹೆಚ್ಚು, ಬ್ಯುಟೇನ್‌ನದು ಅಷ್ಟಿಲ್ಲ. ಆದ್ದರಿಂದ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಏರಿಸುವಾಗ ನಾನು 10:1ಕ್ಕೆ ನಿಂತೆ. ಏರಿಸದೆ ಬಿಡುವಂತೆಯೂ ಇರಲಿಲ್ಲ: ಸರಿಯಾದ ಮಿಶ್ರಣದಲ್ಲಿ ಸಿಲಿಂಡರ್ ಸೇರುವ ಗಾತ್ರದ ಸುಮಾರು ಶೇ. 4ರಷ್ಟನ್ನು ಪ್ರೊಪೇನ್ ಅನಿಲವೇ ಆಕ್ರಮಿಸುವುದರಿಂದ ಅಷ್ಟು ಗಾಳಿ ಕಡಿಮೆಯಾಗುತ್ತದೆ, ದ್ರವ ಪೆಟ್ರೋಲ್ ಆವಿಯಾಗುವಾಗ ಆಗುತ್ತಿದ್ದ ತಂಪೂ ಇಲ್ಲವಾಗುತ್ತದೆ. ಕಿಟ್ ಹಾಕಿಸಿ ಎಂಜಿನ್ ಮುಟ್ಟದೆ ಬಿಟ್ಟವರು ‘ಗ್ಯಾಸ್‌ನಲ್ಲಿ ಪಿಕಪ್ ಇಲ್ಲ’ ಎನ್ನುವುದು ಈ ಕಾರಣಕ್ಕೆ.

ಲೆಕ್ಕ ಸರಳ. 74 ಮಿ.ಮೀ. ಬೋರ್, 75.5 ಮಿ.ಮೀ. ಸ್ಟ್ರೋಕ್‌ನ ಒಂದು ಸಿಲಿಂಡರಿಗೆ ಸುಮಾರು 324.7 ಸಿಸಿ. 10:1 ಬರಬೇಕಾದರೆ ಪಿಸ್ಟನ್ ಪೂರ್ತಿ ಮೇಲಿದ್ದಾಗ ಉಳಿಯುವ ಜಾಗ ಅದರ ಒಂಬತ್ತನೆಯ ಒಂದು ಭಾಗ, ಅಂದರೆ 36 ಸಿಸಿ. ಅದರಲ್ಲಿ 1.2 ಮಿ.ಮೀ. ದಪ್ಪದ ಗ್ಯಾಸ್ಕೆಟ್‌ಗೇ 5 ಸಿಸಿಗೂ ಸ್ವಲ್ಪ ಹೆಚ್ಚು ಹೋಗುತ್ತದೆ. ಹೆಡ್ಡನ್ನು ಬೋರಲಾಗಿಟ್ಟು, ಚೇಂಬರಿನ ಅಂಚಿಗೆ ಗ್ರೀಸ್ ಸವರಿ, ತೂತು ಕೊರೆದ ಅಕ್ರಿಲಿಕ್ ತಗಡನ್ನು ಒತ್ತಿ, ಬ್ಯುರೆಟ್‌ನಿಂದ ಬಣ್ಣ ಬೆರೆಸಿದ ಸೀಮೆಎಣ್ಣೆಯನ್ನು ಕೊನೆಯ ಗುಳ್ಳೆ ಹೊರಡುವವರೆಗೆ ಇಳಿಸಿ ನಾಲ್ಕೂ ಚೇಂಬರ್‌ಗಳನ್ನು ಅಳೆದ ಮೇಲೆಯೇ ಹೆಡ್ ಫೇಸಿಂಗ್‌ಗೆ (ಮೈ ಹೆರೆದು ಚೇಂಬರ್ ಕಿರಿದು ಮಾಡಲು) ಕೊಟ್ಟೆ. ಅನಿಲದ ಉರಿ ಒಣ ಉರಿಯಾದ್ದರಿಂದ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಗಟ್ಟಿ ಲೋಹದವಕ್ಕೆ ಬದಲಿಸಿದ್ದೂ ಆಗಲೇ.

ಪೆಟ್ರೋಲ್ ಆವಿಯಾಗಲೆಂದು ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುತ್ತಿದ್ದ ಬಿಸಿ ಕೂಲೆಂಟ್ ಅನಿಲಕ್ಕೆ ಅನವಶ್ಯಕ, ಅಪಾಯಕಾರಿ ಕೂಡ. ಬಿಸಿಯಾದ ಮಿಶ್ರಣ ನಾಕಿಂಗ್‌ಗೆ, ಅಂದರೆ ಸಿಲಿಂಡರಿನಲ್ಲಿ ಅದು ತಾನಾಗಿ ಸಿಡಿಯುವುದಕ್ಕೆ, ದಾರಿ. ಆ ಕೂಲೆಂಟನ್ನು, ಟ್ಯಾಂಕಿನ ದ್ರವವನ್ನು ಅನಿಲವಾಗಿಸುವ ವೇಪರೈಸರಿಗೆ ತಿರುಗಿಸಿದೆ. ವೇಪರೈಸರನ್ನು ರೇಡಿಯೇಟರಿನ ಮೇಲ್ಮಟ್ಟಕ್ಕಿಂತ ಕೆಳಗೆ, ಒಳಗಿನ ಡಯಾಫ್ರಾಮ್ ಗಾಡಿಯ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಕೂರಿಸಬೇಕು; ಇಲ್ಲದಿದ್ದರೆ ಕೂಲೆಂಟ್‌ನಲ್ಲಿ ಗಾಳಿ ಕಟ್ಟುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಮಿಶ್ರಣ ಏರುಪೇರಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ವೇಪರೈಸರಿನ ಮೈಮೇಲೆ ಬಿಳಿ ಹಿಮ ಕಟ್ಟಿತೆಂದರೆ ಬಿಸಿನೀರು ಅಲ್ಲಿಗೆ ತಲುಪುತ್ತಿಲ್ಲವೆಂದೇ ಅರ್ಥ.

ಕಿಡಿಯ ವಿಷಯದಲ್ಲಿ ರಾಜಿ ಬೇಡ. ಅನಿಲ ಹೊತ್ತಿಕೊಳ್ಳಲು ಹೆಚ್ಚು ವೋಲ್ಟೇಜ್ ಕೇಳುತ್ತದೆ. ಪ್ಲಗ್ ಗ್ಯಾಪ್ 0.7 ಮಿ.ಮೀ.ಗೆ ಇಳಿಸಿ, ಪ್ಲಗ್‌ಗೆ ಹೋಗುವ ಎಚ್‌ಟಿ ವೈರುಗಳನ್ನೆಲ್ಲ ಹೊಸದಾಗಿ ಹಾಕಿದೆ. ಮಿಕ್ಸರ್ ಇರುವ ಗಾಡಿಗಳಲ್ಲಿ ಬ್ಯಾಕ್‌ಫೈರ್ ಆಗಿ ಏರ್ ಫಿಲ್ಟರ್ ಡಬ್ಬಿ ಸಿಡಿಯುವುದು ಬಹುತೇಕ ಸೋರುವ ಕಿಡಿಯಿಂದಲೇ. ಟೈಮಿಂಗ್‌ನಲ್ಲಿ ಆರಂಭದ ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರಿಸುವ ಪ್ರಮಾಣ) ಸ್ವಲ್ಪ ಹೆಚ್ಚಿಸಿ, ಹೆಚ್ಚು ಆರ್‌ಪಿಎಂನಲ್ಲಿ ಒಟ್ಟು ಅಡ್ವಾನ್ಸ್ ಮಿತಿ ಮೀರದಂತೆ ಡಿಸ್ಟ್ರಿಬ್ಯೂಟರಿನ ತೂಕಗಳ ಓಟವನ್ನು ಮೊಟಕುಗೊಳಿಸಿದೆ. ದೇವರಾಯನದುರ್ಗದ ಡಾಂಬರು ಏರಿನಲ್ಲಿ ಮೂರನೆಯ ಗೇರಿನಲ್ಲೇ ಎಂಜಿನ್ನನ್ನು ಎಳೆಸಿ, ನಾಕಿಂಗ್ ಸದ್ದಿಗೆ ಕಿವಿಗೊಟ್ಟು ಇದನ್ನು ಹದಕ್ಕೆ ತಂದದ್ದು.

ಟ್ಯಾಂಕ್, ಪೈಪು ಮತ್ತು ಕಿಟ್‌ಗಳ ಕೆಲಸ ಅಧಿಕೃತ ಕೇಂದ್ರದಲ್ಲಿ ಆಗಬೇಕು, ಆರ್‌ಸಿಯಲ್ಲಿ ಇಂಧನದ ಬದಲಾವಣೆ ದಾಖಲಾಗಬೇಕು. ಮನೆಯ ಕೆಂಪು ಸಿಲಿಂಡರನ್ನು ಗಾಡಿಗೆ ಕಟ್ಟುವವರೊಡನೆ ನಾನು ವಾದಕ್ಕೆ ನಿಲ್ಲುವುದಿಲ್ಲ, ಅವರ ಗಾಡಿಯನ್ನು ಶೆಡ್ಡಿನೊಳಗೆ ಬಿಡುವುದೂ ಇಲ್ಲ. ಸಿಲಿಂಡರ್ ಆಕಾರದ ಉದ್ದನೆಯ ಟ್ಯಾಂಕನ್ನು ಗಾಡಿಗೆ ಅಡ್ಡಲಾಗಿ ಕೂರಿಸಿದರೆ ಕಡಿದಾದ ಏರಿನಲ್ಲಿ ದ್ರವ ಟ್ಯಾಂಕಿನ ಅಗಲದಷ್ಟೇ ಸರಿಯುತ್ತದೆ, ಹೀರುವ ಕೊಳವೆ ಬರಿದಾಗುವುದು ಕಡಿಮೆ. ಟ್ಯಾಂಕಿನ ಮಲ್ಟಿವಾಲ್ವನ್ನು (ತುಂಬುವ, ಹೀರುವ ವಾಲ್ವುಗಳು ಒಟ್ಟಿಗಿರುವ ಭಾಗ) ಅದಕ್ಕೆ ಹೇಳಿದ ಕೋನದಲ್ಲೇ ಇಡಬೇಕು, ಏಕೆಂದರೆ ಶೇ. 80ಕ್ಕೆ ತುಂಬುವಿಕೆಯನ್ನು ನಿಲ್ಲಿಸುವ ತೇಲುಗುಂಡು ಆ ಕೋನವನ್ನೇ ನಂಬಿರುತ್ತದೆ. ತಾಮ್ರದ ಪೈಪನ್ನು ಚಾಸಿಯ ಒಳಮಗ್ಗುಲಲ್ಲಿ, ಕಲ್ಲು ತಾಗದಷ್ಟು ಎತ್ತರದಲ್ಲಿ ಒಯ್ದು, ಎರಡೂ ತುದಿಗಳಲ್ಲಿ ನಡುಕ ತಡೆಯಲೆಂದು ಒಂದೊಂದು ಸುತ್ತು ಕೊಡಿಸಿದೆ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಈ ಗಾಡಿಯನ್ನು ಸರ್ವಿಸ್ ಗುಂಡಿಯ ಮೇಲೆ ನಿಲ್ಲಿಸುವುದಿಲ್ಲ, ಬಂಡೆಗಳಿಂದ ಮರಳಿದಾಗಲೆಲ್ಲ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡುತ್ತೇನೆ. ಲೀಟರ್ ಲೆಕ್ಕದಲ್ಲಿ ಪೆಟ್ರೋಲಿಗಿಂತ ಹೆಚ್ಚು ಕುಡಿಯುತ್ತದೆ. ಅನಿಲದ ಒಂದು ಲೀಟರಿನಲ್ಲಿ ಶಕ್ತಿಯೇ ಕಡಿಮೆ. ಎಂಜಿನ್ ಆಯಿಲ್ ಮಾತ್ರ ಬದಲಿಸುವ ಹೊತ್ತಿಗೂ ಜೇನುಬಣ್ಣ ಬಿಟ್ಟಿರುವುದಿಲ್ಲ. ಆದರೂ ಆಯಿಲ್ ಬದಲಿಸುವಾಗಲೆಲ್ಲ ಎಕ್ಸಾಸ್ಟ್ ಟ್ಯಾಪೆಟ್‌ಗಳಿಗೆ ಫೀಲರ್ ಗೇಜ್ ಹಾಕುತ್ತೇನೆ: ಗ್ಯಾಪ್ ಕಿರಿದಾಗುತ್ತಿದ್ದರೆ ವಾಲ್ವ್ ಸೀಟಿನೊಳಗೆ ಕುಸಿಯುತ್ತಿದೆ, ಹೆಡ್ ಮತ್ತೆ ಬಿಚ್ಚಬೇಕು.