‘ಫೈನಲ್-ಇದೇ’ ಅನ್ನುವ ಫೈಲಿಗೆ ಮದ್ದು: ಡಿಸೈನ್ ವಾಲ್ಟ್ ನೋಡಿಕೊಳ್ಳುವುದು ಹೇಗೆ

ಪೀಣ್ಯದಲ್ಲಿ ನಮ್ಮದು, ಮೆಷಿನ್ನಿನಲ್ಲಿ ಕೊರೆಯುವ ತುಂಡನ್ನು ಅಲುಗದಂತೆ ಹಿಡಿಯುವ, ಮೆಷಿನಿಂಗ್ ಫಿಕ್ಸ್‌ಚರ್ ಮಾಡುವ ಶಾಪು. ಡಿಸೈನಿಗೆ ಕೂರುವವರು ಆರು ಜನ. ನಾನು ಅರ್ಧ ದಿನ ಡ್ರಾಯಿಂಗ್ ಮಾಡುತ್ತೇನೆ, ಇನ್ನರ್ಧ ದಿನ ವಾಲ್ಟ್, ಅಂದರೆ ಡಿಸೈನ್ ಫೈಲುಗಳನ್ನೆಲ್ಲ ಒಂದೇ ಕಡೆ ಇಡುವ ಖಜಾನೆ, ಕಾಯುತ್ತೇನೆ. ಈ ಎರಡನೇ ಕೆಲಸ ನನ್ನ ತಲೆಗೆ ಕಟ್ಟಿದ್ದು ಒಂದು ತೂತು. 35 ಎಂಎಂ ಇದ್ದ ಬೋರನ್ನು ಗ್ರಾಹಕರು 32ಕ್ಕೆ ಇಳಿಸಿದ್ದರು. ಮಾಡೆಲ್ ತಿದ್ದಿದ್ದೆವು, ಡ್ರಾಯಿಂಗೂ ತಿದ್ದಿದ್ದೆವು. ಆದರೆ ಶೇರ್ಡ್ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್-ಹೊಸದು’, ‘ಫೈನಲ್-ಇದೇ’ ಅಂತ ಮೂರು ಫೈಲ್ ಕೂತಿದ್ದವು. ಆಪರೇಟರ್ ಮೊದಲನೆಯದನ್ನು ಪ್ರಿಂಟ್ ತೆಗೆದ. ಚಿಕ್ಕದಾಗಿ ಕೊರೆದಿದ್ದರೆ ಇನ್ನೊಮ್ಮೆ ಕೊರೆಯಬಹುದಿತ್ತು. ದೊಡ್ಡದಾದ ತೂತನ್ನು ಏನು ಮಾಡುತ್ತೀರಿ? ಬುಷ್ (ತೂತು ಕಿರಿದಾಗಿಸುವ ಬಳೆ) ಹಾಕೋಣ ಅಂದರೆ ಗ್ರಾಹಕರು ಒಪ್ಪಲಿಲ್ಲ. ಹನ್ನೆರಡು ಪ್ಲೇಟ್ ಗುಜರಿಗೆ ಹೋದವು.

ಆಮೇಲೆ ಸಾಲಿಡ್‌ವರ್ಕ್ಸ್ ಪಿಡಿಎಂ ಸ್ಟ್ಯಾಂಡರ್ಡ್ ಹಾಕಿಸಿದೆವು. ಸಾಲಿಡ್‌ವರ್ಕ್ಸ್ ಅನ್ನುವುದು ಡಿಸೈನ್ ಸಾಫ್ಟ್‌ವೇರ್, ಪಿಡಿಎಂ ಅದರ ಫೈಲುಗಳ ವಾಲ್ಟ್ ನಡೆಸುವ ಸಾಫ್ಟ್‌ವೇರ್. ಸಾಲಿಡ್‌ವರ್ಕ್ಸ್ ಪ್ರೊಫೆಷನಲ್ ಲೈಸೆನ್ಸ್ ಇದ್ದರೆ ಅದರ ಜೊತೆಗೇ ಬರುತ್ತದೆ. ಇನ್‌ಸ್ಟಾಲ್ ಮಾಡಿಕೊಡುವವರು ಇರುತ್ತಾರೆ, ಅದನ್ನು ಬಿಡಿ. ತಲೆನೋವು ಶುರುವಾಗುವುದು ಅವರು ಹೋದ ಮೇಲೆ.

ಮೊದಲು ನಿಮ್ಮ ಜನರಿಗೆ ವರ್ಷನ್ ಬೇರೆ, ರಿವಿಷನ್ ಬೇರೆ ಅನ್ನುವುದನ್ನು ಕೂರಿಸಿಕೊಂಡು ಹೇಳಿ. ಫೈಲ್ ತಿದ್ದಿ ಚೆಕ್ ಇನ್ ಮಾಡಿದಾಗಲೆಲ್ಲ, ಅಂದರೆ ವಾಲ್ಟಿಗೆ ವಾಪಸ್ ಒಪ್ಪಿಸಿದಾಗಲೆಲ್ಲ, ವರ್ಷನ್ ಒಂದು ಏರುತ್ತದೆ. ಒಂದು ಪ್ಲೇಟಿಗೆ ಹದಿನೇಳು ವರ್ಷನ್ ಇದ್ದರೂ ತಪ್ಪಿಲ್ಲ, ಅದು ನಮ್ಮ ಒರಟು ಕೆಲಸದ ಲೆಕ್ಕ. ರಿವಿಷನ್ ಎ, ಬಿ, ಸಿ ಬೀಳುವುದು ಮಾತ್ರ ಅಪ್ರೂವಲ್ ಆದಾಗ. ಆ ಅಕ್ಷರವನ್ನು ಯಾರೂ ಕೈಯಲ್ಲಿ ಟೈಪ್ ಮಾಡಬಾರದು. ಫೈಲ್ ಯಾವ ಹಂತದಿಂದ ಯಾವ ಹಂತಕ್ಕೆ ಹೋಗಬೇಕು ಅನ್ನುವ ದಾರಿಗೆ ವರ್ಕ್‌ಫ್ಲೋ ಅನ್ನುತ್ತಾರೆ. ವರ್ಕ್‌ಫ್ಲೋ ತಾನೇ ಹಾಕಿ, ಟೈಟಲ್ ಬ್ಲಾಕಿಗೆ (ಡ್ರಾಯಿಂಗಿನ ಮೂಲೆಯ ವಿವರದ ಚೌಕ) ತಾನೇ ಇಳಿಸುವಂತೆ ಸೆಟ್ ಮಾಡಿ.

ಇನ್ನು ಅಸಲಿ ವಿಷಯ, ಪರ್ಮಿಷನ್. ಶಾಪ್ ಫ್ಲೋರ್ ಗುಂಪಿಗೆ ‘ರಿಲೀಸ್ಡ್’ ಹಂತದಲ್ಲಿ ಮಾತ್ರ ಓದುವ ಹಕ್ಕು ಕೊಡಿ. ಅದೇ ಡ್ರಾಯಿಂಗನ್ನು ನೀವು ಬದಲಾವಣೆಗೆ ತೆಗೆದುಕೊಂಡರೂ ಅವರಿಗೆ ಹಿಂದಿನ ರಿಲೀಸ್ ಕಾಣುತ್ತಲೇ ಇರುತ್ತದೆ, ನಿಮ್ಮ ಅರ್ಧಂಬರ್ಧ ಕೆಲಸ ಕಾಣುವುದಿಲ್ಲ. ನಾನು ಶುರುವಿನಲ್ಲಿ ‘ಸುಮ್ನೆ ನೋಡ್ಲಿ ಬಿಡಿ’ ಅಂತ ಎಲ್ಲ ಹಂತಕ್ಕೂ ಹಕ್ಕು ಕೊಟ್ಟಿದ್ದೆ. ಎರಡೇ ವಾರದಲ್ಲಿ ಅಪ್ರೂವ್ ಆಗದ ಪ್ರಿಂಟ್ ಮೆಷಿನ್ ಪಕ್ಕ ನೇತಾಡುತ್ತಿತ್ತು.

ಇನ್ನೊಂದು ಬಲೆ ಇದೆ. ಪ್ರತಿ ಕಂಪ್ಯೂಟರಿನಲ್ಲೂ ಲೋಕಲ್ ಕ್ಯಾಶ್, ಅಂದರೆ ಒಮ್ಮೆ ತೆರೆದ ಫೈಲಿನ ಕಾಪಿ ಉಳಿಯುವ ಜಾಗ, ಇರುತ್ತದೆ. ಸರ್ವರಿನಲ್ಲಿ ಹೊಸದಿದ್ದರೂ ತೆರೆದುಕೊಳ್ಳುವುದು ಮೊನ್ನೆಯ ಕಾಪಿ. ವರ್ಷನ್ ಜಾಗದಲ್ಲಿ 2/3 ಅಂತ ಕಂಡರೆ ನಿಮ್ಮ ಹತ್ತಿರ ಇರುವುದು ಎರಡನೆಯದು, ವಾಲ್ಟಿನಲ್ಲಿ ಮೂರನೆಯದಿದೆ ಅಂತ ಅರ್ಥ. ಶಾಪ್ ಫ್ಲೋರ್ ಕಂಪ್ಯೂಟರಿನಲ್ಲಿ ಲಾಗ್ ಔಟ್ ಆದಾಗ ಕ್ಯಾಶ್ ಅಳಿಯುವ ಆಯ್ಕೆ ಹಾಕಿಬಿಡಿ.

ಒಂದೇ ಹೆಸರಿನ ಎರಡು ಫೈಲ್ ವಾಲ್ಟಿನಲ್ಲಿ ಇರಲು ಬಿಡಬೇಡಿ. ಹೆಸರು ಬದಲಿಸುವುದಿದ್ದರೆ ವಾಲ್ಟಿನೊಳಗೇ ಬದಲಿಸಿ. ಪೆನ್‌ಡ್ರೈವಿಗೆ ಹಾಕಿಕೊಂಡು ಬದಲಿಸಿ ತಂದರೆ ಅಸೆಂಬ್ಲಿ (ಹಲವು ಪಾರ್ಟ್ ಜೋಡಿಸಿದ ಫೈಲ್) ತನ್ನ ಪಾರ್ಟನ್ನು ಹುಡುಕುತ್ತಾ ಕೂರುತ್ತದೆ.

ಬ್ಯಾಕಪ್ ವಿಷಯದಲ್ಲಿ ನಾನೂ ಮೋಸ ಹೋಗಿದ್ದೇನೆ. ಫೈಲಿನ ಹೆಸರು, ರಿವಿಷನ್, ಯಾರು ಯಾವಾಗ ತಿದ್ದಿದರು, ಇದೆಲ್ಲ ಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿರುತ್ತದೆ. ಫೈಲ್ ಇರುವುದು ಆರ್ಕೈವ್ ಫೋಲ್ಡರಿನಲ್ಲಿ. ಎರಡನ್ನೂ ಒಂದೇ ಹೊತ್ತಿಗೆ ತೆಗೆಯಬೇಕು. ‘ಕೊನಿಸಿಯೋ ಮಾಸ್ಟರ್’ ಅನ್ನುವ ಸಣ್ಣ ಡೇಟಾಬೇಸ್ ಒಂದಿದೆ, ಅದನ್ನೂ ಸೇರಿಸಿ. ಸ್ಟ್ಯಾಂಡರ್ಡ್ ಓಡುವುದು ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಮೇಲೆ. ಅದರಲ್ಲಿ ಬ್ಯಾಕಪ್‌ಗೆ ಹೊತ್ತು ಕಟ್ಟುವ ಏಜೆಂಟ್ ಇಲ್ಲ, ಹಾಗಾಗಿ ವಿಂಡೋಸ್ ಟಾಸ್ಕ್ ಶೆಡ್ಯೂಲರಿನಿಂದ ರಾತ್ರಿ 10ಕ್ಕೆ ಓಡಿಸುತ್ತೇನೆ. ಒಮ್ಮೆ ಹಳೇ ಕಂಪ್ಯೂಟರಿನಲ್ಲಿ ಆ ಬ್ಯಾಕಪ್ಪನ್ನು ವಾಪಸ್ ಎಬ್ಬಿಸಿ ನೋಡಿದೆ. ಡೇಟಾಬೇಸ್ ಬಂತು, ಫೈಲ್ ಪಟ್ಟಿಯೂ ಬಂತು. ತೆರೆದರೆ ಆ ತಿಂಗಳ ಒಂದು ಫೈಲೂ ಇಲ್ಲ! ಆರ್ಕೈವ್ ಕಾಪಿ ಆಗುವ ಡಿಸ್ಕ್ ತುಂಬಿ ಮೂರು ವಾರ ಆಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಹೀಗೆ ಎಬ್ಬಿಸಿ, ಹತ್ತು ಅಸೆಂಬ್ಲಿ ತೆರೆದು ನೋಡುತ್ತೇನೆ.

ಶನಿವಾರ ಸಂಜೆ ಮನೆಗೆ ಹೋಗುವ ಮುಂಚೆ, ಯಾರ ಹೆಸರಿನಲ್ಲಿ ಏನು ಚೆಕ್ ಔಟ್ ಆಗಿದೆ (ತಿದ್ದಲು ತೆಗೆದುಕೊಂಡಿದ್ದು, ಅಲ್ಲಿಯವರೆಗೆ ಬೇರೆಯವರು ತಿದ್ದಲಾಗದು) ಅಂತ ಒಂದು ಸರ್ಚ್. ರಜೆ ಹಾಕಿ ಊರಿಗೆ ಹೋದವರ ಫೈಲ್ ಸಿಕ್ಕಿಹಾಕಿಕೊಂಡಿದ್ದರೆ ಅಡ್ಮಿನ್ ಅದನ್ನು ಬಿಡಿಸಬಹುದು. ಆದರೆ ಅವರು ಚೆಕ್ ಇನ್ ಮಾಡದೆ ಉಳಿಸಿದ ಕೆಲಸ ಅವರ ಕಂಪ್ಯೂಟರಿನಲ್ಲೇ ಇದೆ, ವಾಲ್ಟಿಗೆ ಬಂದಿಲ್ಲ ಅಲ್ವಾ? ಮೊದಲು ಫೋನ್ ಮಾಡಿ.