ನಮ್ಮ ರಾಗಿ ಮಿಲ್ಲಿನ ಹಳೇ ಡೀಸೆಲ್ ಇಂಜಿನ್ ತೆಗೆದು ಹೊಸದು ಕೂರಿಸಿದ್ದು

ಮಧುಗಿರಿ ತಾಲ್ಲೂಕಲ್ಲಿ ನಮ್ಮೂರು, ಊರ ಬಾಗಿಲಲ್ಲೇ ನಮ್ಮ ಹಿಟ್ಟಿನ ಮಿಲ್ಲು. ಎರಡು ಕಲ್ಲಿದೆ, ಒಂದಕ್ಕೆ ಕರೆಂಟ್ ಮೋಟಾರು, ಇನ್ನೊಂದಕ್ಕೆ ಡೀಸೆಲ್ ಇಂಜಿನ್. ಈ ಇಂಜಿನ್ ಕಲ್ಲೇ ಇಷ್ಟು ವರ್ಷ ನಮ್ಮ ಮಾತು ಉಳಿಸಿರೋದು, ಯಾಕಂದ್ರೆ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋ ಹೊತ್ತಿಗೆ ಜನ ಹೊಲದಲ್ಲಿರ್ತಾರೆ, ಜನ ರಾಗಿ ಚೀಲ ಹೊತ್ಕೊಂಡು ಬರೋ ಹೊತ್ತಿಗೆ ತ್ರೀ ಫೇಸ್ ಇರಲ್ಲ, ನಾಳೆ ಬನ್ನಿ ಅನ್ನೋಕೂ ಆಗಲ್ಲ, ರಾತ್ರಿ ಮುದ್ದೆಗೆ ಹಿಟ್ಟು ಬೇಕಲ್ಲ. ಹೋದ ವರ್ಷ ಆ ಹಳೇ ಇಂಜಿನ್ ತೆಗೆದು ಹೊಸದು ಕೂರಿಸಿದೆ. ಇಂಜಿನ್ ತಗೊಂಡು ಬಂದು ನಾಲ್ಕು ಬೋಲ್ಟ್ ಹಾಕಿದ್ರೆ ಆಯ್ತು ಅಂದ್ಕೊಂಡಿದ್ದೆ, ಆಗ್ಲಿಲ್ಲ, ಹೆಚ್ಚೂಕಮ್ಮಿ ಒಂದು ತಿಂಗಳು ಹಿಡೀತು. ನಮ್ಮ ಕಡೆ ಇನ್ನೂ ಎಷ್ಟೋ ಮಿಲ್ಲಲ್ಲಿ ಇಂಥವೇ ಇಂಜಿನ್ ಇದಾವೆ, ಬದಲಾಯಿಸೋರಿಗೆ ಅನುಕೂಲ ಆಗ್ಲಿ ಅಂತ ಬರೀತಿದೀನಿ.

ಹಳೇದು ಲಿಸ್ಟರ್ ಟೈಪಿಂದು. ಮೂಲ ಡಿಸೈನು ಇಂಗ್ಲೆಂಡಿನ ಲಿಸ್ಟರ್ ಕಂಪನಿದು, 1930ರ ಆಸುಪಾಸಿಂದು, ಅದನ್ನೇ ನೋಡ್ಕೊಂಡು ಗುಜರಾತಿನ ರಾಜಕೋಟ್‌ನಲ್ಲಿ ಮಾಡಿದ್ದು ನಮ್ಮದು. 6 ಎಚ್‌ಪಿ, 650 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 650 ಸುತ್ತು, ಎರಡೂ ಕಡೆ ಎರಡಡಿ ಫ್ಲೈವೀಲು, ಅಂದ್ರೆ ಭಾರದ ಚಕ್ರ. ನಾನು ಮೂರನೇ ಕ್ಲಾಸಲ್ಲಿದ್ದಾಗ ಅಪ್ಪ ಎತ್ತಿನ ಗಾಡೀಲಿ ತಂದಿದ್ರು. ಹೊಗೆ ಪೈಪಿನ ತುದಿಗೆ ಒಂದು ತಗಡಿನ ಡಬ್ಬಿ ಕಟ್ಟಿದ್ರು, ಕುಕ್ ಕುಕ್ ಅಂತ ಶಬ್ದ ಪಕ್ಕದೂರಿಗೂ ಕೇಳೋದು, ಆ ಶಬ್ದ ಕೇಳಿಯೇ ಹೆಂಗಸರು ಮೊರ ಚೀಲ ತಗೊಂಡು ಹೊರಡೋರು.

ಕೊನೇ ಎರಡು ವರ್ಷ ತುಂಬಾ ಕಾಟ ಕೊಡ್ತು. ಅರ್ಧ ಗಂಟೆ ಓಡಿದ್ರೆ ಇಂಜಿನ್ ತಣ್ಣಗಿಡೋ ಡ್ರಮ್ಮಿನ ನೀರು ಕುದಿಯೋದು, ಕಪ್ಪು ಹೊಗೆ, ಲೋಡ್ ಬಿದ್ರೆ ಉಸಿರು ಕಟ್ಟಿದ ಹಾಗೆ ಮಾಡೋದು. ಒಬ್ಬ ಮೆಕ್ಯಾನಿಕ್ ರಿಂಗ್ ಹೋಗಿದೆ ಅಂದ, ಹಾಕಿಸಿದೆ, ಮೂರು ತಿಂಗಳಿಗೆ ಮತ್ತೆ ಅದೇ ಕತೆ. ಇನ್ನೊಬ್ಬ ಲೈನರ್ ಅಂದ, ಅದೂ ಆಯ್ತು. ಕೊನೆಗೆ ಎರಡು ವಾಲ್ವಿನ ಮಧ್ಯೆ ಹೆಡ್, ಅಂದ್ರೆ ಸಿಲಿಂಡರಿನ ಮೇಲಿನ ಮುಚ್ಚಳ, ಸೀಳು ಬಿಟ್ಟು ನೀರು ಒಳಗೇ ಇಳೀತು. ಹೆಡ್ ಬಿಚ್ಚಿ ನೀರು ಓಡಾಡೋ ದಾರಿ ನೋಡಿದ್ರೆ ಎದೆ ಧಸಕ್ಕಂತು. ಒಳಗೆಲ್ಲ ಬೆಳ್ಳಗೆ ಸುಣ್ಣ ಕಟ್ಟಿತ್ತು, ಸ್ಕ್ರೂಡ್ರೈವರಲ್ಲಿ ಮೀಟಿದ್ರೆ ಮೊಟ್ಟೆ ಸಿಪ್ಪೆ ಥರ ಅಲ್ಲ, ಹೆಂಚಿನ ಚೂರಿನ ಥರ ದಪ್ಪ ದಪ್ಪ ಚಕ್ಕೆ ಬಂತು, ಹೆಬ್ಬೆರಳು ಹೋಗ್ಬೇಕಾದ ತೂತಲ್ಲಿ ಪೆನ್ಸಿಲ್ ಹೋಗ್ತಿರ್ಲಿಲ್ಲ.

ನಮ್ಮದು ಬೋರ್ ನೀರು. ನಮ್ಮ ಸೀಮೆ ಬೋರ್ ನೀರು ಗೊತ್ತಲ್ಲ, ಪಾತ್ರೇಲಿ ಕಾಯಿಸಿದ್ರೆ ತಳದಲ್ಲಿ ಬಿಳಿ ಕೂರುತ್ತೆ. ಇಂಜಿನ್ ಡ್ರಮ್ಮಲ್ಲೂ ಅದೇ ಆಗಿದ್ದು. ದಿನಾ ಒಂದಷ್ಟು ನೀರು ಆವಿಯಾಗಿ ಹೋಗುತ್ತೆ, ಸುಣ್ಣ ಆವಿಯಾಗಲ್ಲ, ಒಳಗೇ ಉಳಿಯುತ್ತೆ, ಕಮ್ಮಿಯಾದಷ್ಟಕ್ಕೆ ನಾವು ಮತ್ತೆ ಬೋರ್ ನೀರು ಸುರೀತೀವಿ, ಅಂದ್ರೆ ದಿನಾ ಇನ್ನಷ್ಟು ಸುಣ್ಣ ಹಾಕ್ತಾ ಇದೀವಿ ಅಂತ ಅರ್ಥ. ಇಷ್ಟು ವರ್ಷದ ಸುಣ್ಣ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಹೋಗಿ ಕೂತಿತ್ತು, ಅಂದ್ರೆ ಹೆಡ್ಡಲ್ಲೇ. ರಿಂಗ್ ಹಾಕಿ ಲೈನರ್ ಹಾಕಿ ಅಂದೋರು ಯಾರೂ ನೀರಿನ ದಾರಿ ನೋಡಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ. ಇದು ಗೊತ್ತಾಗದೇ ಹೊಸ ಇಂಜಿನ್ ತಂದಿದ್ರೆ ಅದಕ್ಕೂ ಇದೇ ಗತಿ ಆಗ್ತಿತ್ತು, ಅದಕ್ಕೇ ಹೇಳ್ತೀನಿ, ಹಳೇದು ಯಾಕೆ ಸತ್ತಿತು ಅಂತ ಬಿಚ್ಚಿ ನೋಡದೇ ಹೊಸದಕ್ಕೆ ದುಡ್ಡು ಕೊಡಬೇಡಿ.

ಹೊಸದು ಕಿರ್ಲೋಸ್ಕರ್ 7 ಎಚ್‌ಪಿ, ಒಂದೇ ಸಿಲಿಂಡರು, ವಾಟರ್ ಕೂಲಿಂಗು, 1500 ಆರ್‌ಪಿಎಂ. ಬಿಡಿಭಾಗ ತುಮಕೂರಲ್ಲೇ ಸಿಗುತ್ತೆ, ಅದಕ್ಕೇ ಅದು. ಆದ್ರೆ 650ರಲ್ಲಿ ಓಡ್ತಿದ್ದ ಜಾಗಕ್ಕೆ 1500ದು ಬಂದ್ರೆ ಪುಲ್ಲಿ ಬದಲಾಗ್ಲೇಬೇಕು. ನಮ್ಮ ಹಳೇ ಇಂಜಿನ್ ಪುಲ್ಲಿ 14 ಇಂಚು, ಕಲ್ಲಿನ ಪುಲ್ಲೀನೂ 14, ಅಂದ್ರೆ ಕಲ್ಲು ಓಡ್ತಿದ್ದದ್ದು 650. ಅದೇ 14ರ ಪುಲ್ಲಿ ಹೊಸ ಇಂಜಿನ್ನಿಗೆ ಹಾಕಿದ್ರೆ ಕಲ್ಲು 1500 ಸುತ್ತುತ್ತೆ, ಹಿಟ್ಟು ಸೀಯೋದು ಆಮೇಲಿನ ಮಾತು, ಕಲ್ಲೇ ಸಿಡಿದು ಜೀವಕ್ಕೆ ಅಪಾಯ. ಲೆಕ್ಕ ಇಷ್ಟೇ: 650 ಗುಣಿಸು 14 ಅಂದ್ರೆ 9100, ಅದನ್ನ 1500ರಿಂದ ಭಾಗಿಸಿದ್ರೆ ಆರು ಇಂಚಿನ ಹತ್ರ ಬರುತ್ತೆ. 6 ಇಂಚಿನ ಪುಲ್ಲಿಗೆ ಕಲ್ಲು 643 ಸುತ್ತುತ್ತೆ, ಸಾಕು.

6 ಇಂಚಿನ ಪುಲ್ಲಿ ಮೇಲೆ ಹಳೇ ಚಪ್ಪಟೆ ಪಟ್ಟಾ ನಿಲ್ಲಲ್ಲ, ಹಿಡಿಯೋಕೆ ಜಾಗಾನೇ ಇರಲ್ಲ, ಜಾರುತ್ತೆ. ಅದಕ್ಕೆ ಪುಲ್ಲಿ ತೋಡಿನೊಳಗೆ ಕೂರೋ ವಿ ಆಕಾರದ ಬೆಲ್ಟಿಗೆ, ವಿ ಬೆಲ್ಟಿಗೆ ಹೋದೆ, ಬಿ ಸೈಜು, ಮೂರು ತೋಡು ಇರೋ ಪುಲ್ಲಿ ಎರಡೂ ಕಡೆಗೆ. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು, ಅದನ್ನ ಮುಂದೆ ಹೇಳ್ತೀನಿ.

ಮೊದಲು ಹಳೇದು ಇಳಿಸಬೇಕಿತ್ತು. ಮೂರು ಕ್ವಿಂಟಾಲ್ ಮೇಲೆ ತೂಕ. ಚೈನ್ ಪುಲ್ಲಿ ಬಾಡಿಗೆಗೆ ತಂದೆ, ಚಾವಣಿ ತೊಲೆಗೆ ಕಟ್ಟೋಣ ಅಂದ ತಮ್ಮ, ನಾನು ಬೇಡ ಅಂದೆ, ಮೂರು ನೀಲಗಿರಿ ಗಳ ನಿಲ್ಲಿಸಿ ಮುಕ್ಕಾಲಿ ಕಟ್ಟಿದ್ವಿ. ಫ್ಲೈವೀಲ್ ಬಿಚ್ಚೋದೇ ಒಂದು ದಿನದ ಕೆಲಸ ಆಯ್ತು. ಫ್ಲೈವೀಲನ್ನ ಶಾಫ್ಟಿಗೆ ಹಿಡಿದಿರೋದು ಒಂದು ತಲೆ ಇರೋ ಕೀ, ಬೆಣೆ ಥರ ಒಳಗೆ ಬಿಗಿದಿರುತ್ತೆ, ತುಕ್ಕು ಹಿಡಿದು ಒಂದೇ ಮೈ ಆಗಿತ್ತು. ಸುತ್ತಿಗೆಯಲ್ಲಿ ಹೊಡೆದ್ರೆ ತಲೆ ಮುರಿಯುತ್ತೆ, ಮುರಿದ್ರೆ ಡ್ರಿಲ್ ಮಾಡಿ ತೆಗೀಬೇಕು. ಮಧುಗಿರಿಯಿಂದ ಬಂದ ವಯಸ್ಸಾದ ಮೇಸ್ತ್ರಿ ಒಬ್ಬರು, ಸಾಬರು, ಹಿಂದಿನ ರಾತ್ರಿಯೇ ಸೀಮೆಣ್ಣೆಯಲ್ಲಿ ಬಟ್ಟೆ ನೆನೆಸಿ ಕೀ ಸುತ್ತ ಕಟ್ಟಿಸಿದ್ರು. ಬೆಳಿಗ್ಗೆ ಬಂದು ಕೀ ತಲೆಗೂ ಫ್ಲೈವೀಲ್ ಗುಬ್ಬಕ್ಕೂ ಮಧ್ಯೆ ಎರಡು ಉಕ್ಕಿನ ಬೆಣೆ ಎದುರುಬದುರಾಗಿ ಇಟ್ಟು ಒಂದಕ್ಕೊಂದು ಹೊಡೀತಾ ಬಂದ್ರು. ಹತ್ತು ಏಟು, ಕಿವಿ ಇಟ್ಟು ಕೇಳೋದು, ಮತ್ತೆ ಹತ್ತು ಏಟು. ಹನ್ನೊಂದು ಗಂಟೆ ಹೊತ್ತಿಗೆ ಟಣ್ ಅಂತಿದ್ದ ಶಬ್ದ ಟಕ್ ಅಂತ ಬದಲಾಯ್ತು. "ಬಂತು ನೋಡಿ ಸ್ವಾಮಿ" ಅಂದ್ರು. ಒಂದು ನೂಲಷ್ಟು ಹೊಳೆಯೋ ಕಬ್ಬಿಣ ಕಾಣಿಸ್ತು, ಅಪ್ಪ ಹಾಕಿಸಿದ ದಿನದಿಂದ ಬೆಳಕು ಕಾಣದ ಜಾಗ ಅದು.

ಈಗ ನನ್ನ ತಪ್ಪಿಗೆ ಬರ್ತೀನಿ. ಹಳೇ ಸಿಮೆಂಟ್ ಕಟ್ಟೆ ಬೋಲ್ಟು ಹೊಸದಕ್ಕೆ ಹೊಂದಲ್ಲ, ಅದೂ ಅಲ್ಲದೆ ವಿ ಬೆಲ್ಟ್ ಅಂದ್ಮೇಲೆ ಇಂಜಿನ್ನು ಕಲ್ಲಿನ ಹತ್ರ ಬರಬೇಕು, ಹಾಗಾಗಿ ಹೊಸ ಗುಂಡಿ ತೋಡಿಸಿದೆ, ಹಳೇ ಕಟ್ಟೆ ಇದ್ದ ಕಡೆಗೇ ಮುಖ ಮಾಡಿ. ಜಲ್ಲಿ ಸಿಮೆಂಟು ಎಲ್ಲ ಬಂದಿತ್ತು. ಸಾಬರು ಬಂದು ಗುಂಡಿ ನೋಡಿ, ಹಳೇ ಪಟ್ಟಾ ನೋಡಿ, "ಇದು ಅಡ್ಡ ಹಾಕಿದ್ರಲ್ಲ, ಹೊಸ ಇಂಜಿನ್ ಯಾವ ಕಡೆ ತಿರುಗುತ್ತೆ ನೋಡಿದ್ರಾ?" ಅಂದ್ರು. ನೋಡಿರ್ಲಿಲ್ಲ. ಹಳೇ ಇಂಜಿನ್ ಒಂದು ಕಡೆ ತಿರುಗ್ತಿತ್ತು, ಕಲ್ಲು ಇನ್ನೊಂದು ಕಡೆ ತಿರುಗಬೇಕಿತ್ತು, ಅದಕ್ಕೆ ಅಪ್ಪ ಚಪ್ಪಟೆ ಪಟ್ಟಾನ ಎಂಟರ ಆಕಾರದಲ್ಲಿ ಅಡ್ಡ ಹಾಕ್ಸಿದ್ರು, ನಾನು ಚಿಕ್ಕಂದಿನಿಂದ ನೋಡಿದ್ದು ಹಾಗೇ ಇದ್ದಿದ್ರಿಂದ ಅದಕ್ಕೊಂದು ಕಾರಣ ಇದೆ ಅಂತಾನೇ ಯೋಚ್ನೆ ಬಂದಿರ್ಲಿಲ್ಲ. ವಿ ಬೆಲ್ಟು ಅಡ್ಡ ಹಾಕೋಕೆ ಬರಲ್ಲ. ಹೊಸ ಇಂಜಿನ್ನೂ ಆ ಕಡೆಯಿಂದ ಹಳೇದರ ಹಾಗೇ ತಿರುಗೋದು, ಹಾಗೇ ಕೂರಿಸಿದ್ರೆ ಕಲ್ಲು ಉಲ್ಟಾ ಸುತ್ತುತ್ತೆ, ಕಲ್ಲು ಹಿಡಿದಿರೋ ನಟ್ಟು ತಾನಾಗೇ ಬಿಚ್ಕೊಳುತ್ತೆ.

ದಾರಿ ಒಂದೇ, ಇಂಜಿನ್ನನ್ನ ಬೆಲ್ಟಿನ ಇನ್ನೊಂದು ಪಕ್ಕಕ್ಕೆ ತಗೊಂಡು ಹೋಗಿ ಮುಖ ತಿರುಗಿಸಿ ಕೂರಿಸೋದು. ಆಗ ಅದೇ ತಿರುಗಾಟ ಕಲ್ಲಿಗೆ ಸರಿಯಾಗಿ ಬರುತ್ತೆ. ತೋಡಿದ ಗುಂಡಿ ಮುಚ್ಚಿ ಇನ್ನೊಂದು ತೋಡಿಸಿದೆ, ಎರಡು ದಿನದ ಕೂಲಿ ಹೋಯ್ತು. ಕಾಂಕ್ರೀಟ್ ಹಾಕೋಕೆ ಮುಂಚೆ ಗೊತ್ತಾಯ್ತಲ್ಲ, ಅದು ಸಾಬರ ಪುಣ್ಯ. ನೀವು ಚಾಕ್‌ಪೀಸಲ್ಲಿ ಕಲ್ಲಿನ ಪುಲ್ಲಿ ಮೇಲೊಂದು, ಇಂಜಿನ್ ಫ್ಲೈವೀಲ್ ಮೇಲೊಂದು ಬಾಣದ ಗುರುತು ಹಾಕ್ಕೊಂಡೇ ಗುಂಡಿ ತೋಡ್ಸಿ.

ಕಟ್ಟೆ ಹಾಕುವಾಗ ಬೋಲ್ಟುಗಳನ್ನ ಹಲಗೆಯಲ್ಲಿ ತೂತು ಕೊರೆದು ನೇತುಹಾಕಿ ಆಮೇಲೆ ಕಾಂಕ್ರೀಟ್ ಸುರಿದ್ವಿ, ಆಗ ಬೋಲ್ಟ್ ಅಂತರ ಒಂದು ನೂಲೂ ಆಚೀಚೆ ಆಗಲ್ಲ. ದಿನಕ್ಕೆ ಮೂರು ಸಲ ಗೋಣಿ ಒದ್ದೆ ಮಾಡಿ ಹತ್ತು ದಿನ ಬಿಟ್ಟೆ, ಅಷ್ಟು ದಿನ ಮಿಲ್ಲು ಮೋಟಾರ್ ಮೇಲೇ ನಡೀತು, ಜನ ಕಾದ್ರು. ಇಂಜಿನ್ನಿನ ಕೆಳಗೆ ಹಳಿ ಥರ ಎರಡು ಚಾನಲ್ ಇಟ್ಟಿದೀವಿ, ಬೆಲ್ಟ್ ಬಿಗಿ ಮಾಡೋಕೆ ಹಿಂದಕ್ಕೆ ಎಳೆಯೋ ಹಾಗೆ. ಎರಡು ಶಾಫ್ಟಿನ ಮಧ್ಯೆ 40 ಇಂಚು ಬಂತು, ಅದಕ್ಕೆ ಬಿ 112 ಬೆಲ್ಟು ಹೊಂದ್ತು. ಮೂರೂ ಬೆಲ್ಟು ಒಂದೇ ಸಲ, ಒಂದೇ ಕಂಪನಿದು ತಗೊಳ್ಳಿ. ಒಂದು ಹಳೇದು ಎರಡು ಹೊಸದು ಅಂತ ಹಾಕಿದ್ರೆ ಹೊಸವೆರಡೇ ಭಾರ ಎಳೀತವೆ, ಹಳೇದು ಸುಮ್ನೆ ಜೋಲಾಡುತ್ತೆ. ಪುಲ್ಲಿ ನೇರ ನೋಡೋಕೆ ಗಾರೆಯವರ ದಾರ ಸಾಕು, ಎರಡೂ ಪುಲ್ಲಿ ಅಂಚಿಗೆ ನಾಲ್ಕು ಕಡೆ ದಾರ ತಾಗಬೇಕು, ಎಲ್ಲಾದ್ರೂ ಬೆಳಕು ಕಂಡ್ರೆ ಇಂಜಿನ್ ಸರಿಸ್ಬೇಕು. ಒಂದು ಇಡೀ ಸಂಜೆ ಬರೀ ಈ ದಾರ ಹಿಡ್ಕೊಂಡೇ ಕೂತಿದ್ವಿ.

ಇಂಜಿನ್ ಕಲ್ಲಿನ ಹತ್ರ ಬಂದಿದ್ರಿಂದ ಇನ್ನೊಂದು ತೊಂದರೆ, ಹಿಟ್ಟಿನ ಧೂಳು. ಹಳೇದು ಗೋಡೆಯಾಚೆ ದೂರ ಇತ್ತು, ಇದು ನಾಲ್ಕಡಿ ದೂರದಲ್ಲಿ ಕೂತು ಧೂಳನ್ನೇ ಉಸಿರಾಡುತ್ತೆ. ಏರ್ ಕ್ಲೀನರನ್ನ ಕಿತ್ತು ಅದೇ ಅಳತೆ ಪೈಪಲ್ಲಿ ಗೋಡೆಯಾಚೆ ಇಟ್ವಿ, ಪೈಪ್ ಸಣ್ಣದು ಹಾಕಬಾರದು, ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತೆ. ಸೈಲೆನ್ಸರ್ ಪೈಪಿಗೆ ಬಿಸಿ ತಡೆಯೋ ಹಗ್ಗ ಸುತ್ತಿ ನೇರ ಹೊರಗೆ ಬಿಟ್ವಿ, ಹಿಟ್ಟಿನ ಧೂಳು ಕಾದ ಪೈಪ್ ಮೇಲೆ ಕೂತ್ರೆ ಬೆಂಕಿ ಹತ್ತೋ ಭಯ ಇದೆ, ಇದನ್ನ ಹಗುರವಾಗಿ ತಗೋಬೇಡಿ.

ನೀರಿಗೆ 200 ಲೀಟರ್ ಡ್ರಮ್ಮು. ಮಿಲ್ಲಿನ ಶೀಟಿಗೆ ದೋಣಿ ಕಟ್ಟಿ ಮಳೆ ನೀರು ಒಂದು ಸಿಂಟೆಕ್ಸಿಗೆ ಹಿಡಿದಿದೀನಿ, ಡ್ರಮ್ಮಿಗೆ ಅದೊಂದೇ, ಬೋರ್ ನೀರು ಒಂದು ಚೊಂಬೂ ಇಲ್ಲ. ಇಲ್ಲಿ ಪಂಪಿಲ್ಲ, ಬಿಸಿ ನೀರು ತಾನಾಗೇ ಮೇಲೇರಿ ತಣ್ಣೀರು ಕೆಳಗಿಂದ ಬರೋದು, ಅದಕ್ಕೆ ಮೇಲಿನ ಪೈಪು ಇಂಜಿನ್ನಿಂದ ಡ್ರಮ್ಮಿಗೆ ಏರ್ತಾನೇ ಹೋಗಬೇಕು, ಮಧ್ಯೆ ಬಾಗಿ ಇಳಿದ್ರೆ ಗಾಳಿ ಕಟ್ಕೊಂಡು ನೀರು ನಿಲ್ಲುತ್ತೆ. ಆ ಪೈಪಿನ ಬಾಯಿ ಡ್ರಮ್ಮಲ್ಲಿ ಯಾವಾಗ್ಲೂ ನೀರಿನೊಳಗೆ ಮುಳುಗಿರ್ಬೇಕು, ನೀರು ಅದಕ್ಕಿಂತ ಕೆಳಗೆ ಇಳಿದ್ರೆ ಓಡಾಟವೇ ನಿಂತು ಹೋಗುತ್ತೆ. ನಾನು ಡ್ರಮ್ಮಿಗೆ ಕೆಂಪು ಗೆರೆ ಹಾಕಿದೀನಿ, ಗೆರೆ ಕಂಡ್ರೆ ಇಂಜಿನ್ ಆಫ್.

ಚಾಲೂ ಮಾಡೋ ದಿನ ಡೀಸೆಲ್ ಲೈನಿನ ಗಾಳಿ ತೆಗೆಯೋದು. ಮೊದಲು ಫಿಲ್ಟರ್ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಲ್ಲೋವರೆಗೂ ಬಿಡೋದು, ಆಮೇಲೆ ಪಂಪು, ಕೊನೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ನಾಜಲ್ ಪೈಪಿನ ನಟ್ಟು. ಸಿಲಿಂಡರಿನ ಒತ್ತಡ ಬಿಡೋ ಡಿಕಂಪ್ರೆಶನ್ ಲಿವರ್ ಎತ್ತಿ ಹ್ಯಾಂಡಲ್ ನಿಧಾನಕ್ಕೆ ಸುತ್ತಿದ್ರೆ ಗಾಳಿ ಪೂರ್ತಿ ಹೋದಾಗ ನಾಜಲ್ಲು ಕಿರ್ ಕಿರ್ ಅನ್ನುತ್ತೆ, ಆ ಶಬ್ದ ಬರದೇ ಎಷ್ಟು ಸುತ್ತಿದ್ರೂ ದಂಡ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳೂ ಉಳಿದ ಬೆರಳ ಕಡೆಗೇ ಇರ್ಲಿ, ಸುತ್ತ ಹಿಡೀಬೇಡಿ, ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತೆ. ಅಪ್ಪ ಕುಂಕುಮ ಇಟ್ಟು ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ರು, ತಮ್ಮ ಸುತ್ತಿದ, ನಾನು ಲಿವರ್ ಬಿಟ್ಟೆ, ಮೂರನೇ ಸಲಕ್ಕೆ ಹಿಡ್ಕೊಂತು.

ಓಡಿಸೋ ಕೈ ಮಾತ್ರ ಬದಲಾಗಬೇಕಾಯ್ತು. ಹಳೇದಕ್ಕೆ ಎರಡು ಭಾರೀ ಫ್ಲೈವೀಲು, ಒಂದೇ ಸಲ ಒಂದು ಮೊರ ರಾಗಿ ಬಿದ್ರೂ ಆ ತೂಕವೇ ಎಳ್ಕೊಂಡು ಹೋಗೋದು. ಹೊಸದರದ್ದು ಸಣ್ಣ ಫ್ಲೈವೀಲು, ಹಾಗೆ ಸುರಿದ್ರೆ ಕುಗ್ಗುತ್ತೆ, ವೇಗ ಕಾಯೋ ಗವರ್ನರ್ ಡೀಸೆಲ್ ಜಾಸ್ತಿ ಬಿಡುತ್ತೆ, ಹೊಗೆ ಬರುತ್ತೆ. ಎಚ್‌ಪಿ ಜಾಸ್ತಿ ಇದೆಯಲ್ಲ ಅಂತ ಅಪ್ಪ ಕೇಳಿದ್ರು, ಎಚ್‌ಪಿ ಬೇರೆ, ಆ ಕ್ಷಣಕ್ಕೆ ತಳ್ಳೋ ತೂಕ ಬೇರೆ. ಈಗ ರಾಗಿ ಸುರಿಯೋ ಹಾಪರಿನ ಬಾಯಿಗೆ ತಗಡಿನ ಬಾಗಿಲು ಇಟ್ಟು ಎರಡು ಬೆರಳಗಲ ಬಿಟ್ಟು ಸಣ್ಣಗೆ ಇಳಿಸ್ತೀವಿ, ಹಿಟ್ಟು ಮೊದಲಿಗಿಂತ ನುಣ್ಣಗೆ ಬರ್ತಿದೆ, ಕೈಗೆ ಉಗುರು ಬೆಚ್ಚಗಿರುತ್ತೆ ಅಷ್ಟೇ. ಡೀಸೆಲ್ ಉಳಿಯುತ್ತೆ ಅನ್ನೋ ಆಸೆಗೆ ಬದಲಾಯಿಸೋರಿಗೆ ಒಂದು ಮಾತು, ಹಳೇ ನಿಧಾನದ ಇಂಜಿನ್ನುಗಳು ಡೀಸೆಲ್ ಕಮ್ಮಿಯೇ ಕುಡಿಯೋವು, ಆ ಕಾರಣಕ್ಕೆ ಬೇಡ. ಖರ್ಚಲ್ಲಿ ಇಂಜಿನ್ ಬೆಲೆ ಒಂದು ಕಡೆ ಆದ್ರೆ ಪುಲ್ಲಿ, ಬೆಲ್ಟು, ಕಟ್ಟೆ, ಪೈಪು, ಲೇತ್ ಕೆಲಸ ಎಲ್ಲ ಸೇರಿ ಅದರ ಅರ್ಧದ ಮೇಲೆ ಆಯ್ತು, ಇದಕ್ಕೆ ಮೊದಲೇ ದುಡ್ಡು ತೆಗೆದಿಟ್ಟಿರಿ.

ಮೊದಲ ತಿಂಗಳು ಲೋಡ್ ಕಮ್ಮಿ ಹಾಕಿ ಓಡಿಸಿ ಆಯಿಲ್ ಬದಲಾಯಿಸಿದೆ. ಯುಗಾದಿ ಆದ್ಮೇಲೆ ಒಂದು ಭಾನುವಾರ ಮಿಲ್ಲು ನಿಲ್ಲಿಸಿ ಡ್ರಮ್ಮಿನ ಮೇಲಿನ ಪೈಪ್ ಬಿಚ್ಚಿ ಹೆಡ್ಡಿನ ನೀರಿನ ದಾರಿಗೆ ಬೆರಳು ಹಾಕಿ ನೋಡಿದೆ. ಕೆಂಪಗೆ ಸ್ವಲ್ಪ ತುಕ್ಕಿನ ನೀರು ಬಂತು, ಬಿಳಿ ಇರ್ಲಿಲ್ಲ, ಗೋಡೆ ನುಣ್ಣಗಿತ್ತು. ಸಿಂಟೆಕ್ಸಲ್ಲಿ ನೀರು ಕಾಲು ಭಾಗ ಉಳಿದಿತ್ತು, ಮಳೆ ಬರೋವರೆಗೂ ಸಾಲುತ್ತಾ ಅಂತ ಅಪ್ಪ ಕೋಲು ಇಳಿಸಿ ಅಳೆದು ಗುರುತು ಹಾಕಿದ್ರು.