ಹಳೇ ಬ್ಯಾಲೆನ್ಸಿನ ತೂಕ ನೇರ ಕಂಪ್ಯೂಟರಿಗೆ: ನನ್ನ ಅನುಭವ

ಬಳ್ಳಾರಿ ಹತ್ತಿರದ ಸ್ಪಾಂಜ್ ಐರನ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಕಲ್ಲಿದ್ದಲಿನಲ್ಲಿ ಬೂದಿ ಎಷ್ಟಿದೆ ಅಂತ ದಿನಾ ನೋಡಬೇಕು. 1 ಗ್ರಾಂ ಪುಡಿಯನ್ನು 815 ಡಿಗ್ರಿಯಲ್ಲಿ ಸುಟ್ಟು, ಉಳಿದದ್ದನ್ನು ತೂಗುವುದು. ಕ್ರೂಸಿಬಲ್ (ಪುಡಿ ಸುಡುವ ಪುಟ್ಟ ಬಟ್ಟಲು) ತೂಕ 21.4563 ಗ್ರಾಂ ಇದ್ದು, ಎಕ್ಸೆಲ್‌ಗೆ ಹಾಕುವಾಗ 21.4653 ಅಂತ ಬಿದ್ದರೆ ಬೂದಿಯ ಲೆಕ್ಕ ಶೇ 0.9ರಷ್ಟು ಆಚೀಚೆ ಆಗುತ್ತದೆ. ರಾತ್ರಿ ಪಾಳಿಯಲ್ಲಿ ಯಾರ ಕೈಯಲ್ಲಾದರೂ ಆಗುವಂಥದ್ದೇ. ಅದಕ್ಕೇ ನಮ್ಮ ಹಳೇ ಬ್ಯಾಲೆನ್ಸಿನ (ಲ್ಯಾಬಿನ ಸೂಕ್ಷ್ಮ ತಕ್ಕಡಿಯ) ತೂಕ ನೇರ ಕಂಪ್ಯೂಟರಿಗೆ ಬರಬೇಕು ಅಂತ ಹಟ ಹಿಡಿದೆ.

"ಸರ್, ಹೊಸದೇ ತರಿಸಿಬಿಡ್ರಿ" ಅಂದ ನಮ್ಮ ಹುಡುಗ. ಆದರೆ ತೂಕದ ಬಟ್ಟು ಇಟ್ಟು ನೋಡಿದರೆ ಈ ಬ್ಯಾಲೆನ್ಸ್ ಈಗಲೂ ಸರಿಯಾಗೇ ತೂಗುತ್ತದೆ. ಬರೀ ವೈರಿನ ಸಮಸ್ಯೆಗೆ ಅದನ್ನು ಮೂಲೆಗೆ ತಳ್ಳಲು ನನಗೆ ಮನಸ್ಸು ಬರಲಿಲ್ಲ.

ಹಿಂದುಗಡೆ 25 ಪಿನ್ನಿನ ಆರ್‌ಎಸ್-232 ಪೋರ್ಟ್ (ಡೇಟಾ ಕಳಿಸುವ ಹಳೇ ಮಾದರಿಯ ಸೀರಿಯಲ್ ಪೋರ್ಟ್), ಅದರ ತುಂಬ ಅದಿರಿನ ಕೆಂಪು ಧೂಳು. ಮ್ಯಾನ್ಯುಯಲ್ ಇಲ್ಲ. ಮಲ್ಟಿಮೀಟರಿನ ಕಪ್ಪು ವೈರನ್ನು 7ನೇ ಪಿನ್ನಿಗೆ ಇಟ್ಟು, ಕೆಂಪನ್ನು 2 ಮತ್ತು 3ಕ್ಕೆ ಮುಟ್ಟಿಸಿದೆ. ಒಂದರಲ್ಲಿ ಮೈನಸ್ 9 ವೋಲ್ಟ್ ಬಂತು. ಏನೂ ಕಳಿಸದೆ ಸುಮ್ನೆ ಇರುವಾಗಲೂ ಮೈನಸ್ ತೋರಿಸುವ ಪಿನ್ನೇ ಡೇಟಾ ಕಳಿಸುವ ಪಿನ್. ಅದನ್ನು ಈ ಪೋರ್ಟನ್ನು ಯುಎಸ್‌ಬಿಗೆ ಬದಲಿಸುವ ಕನ್ವರ್ಟರಿನ 9 ಪಿನ್ ಪೋರ್ಟಿನ 2ಕ್ಕೆ, ಇನ್ನೊಂದನ್ನು 3ಕ್ಕೆ, 7ನ್ನು 5ಕ್ಕೆ ಬೆಸುಗೆ ಹಾಕಿದೆ. 5 ವೋಲ್ಟಿನ ಟಿಟಿಎಲ್ ಬೋರ್ಡನ್ನು (0ಯಿಂದ 5 ವೋಲ್ಟ್ ಸಿಗ್ನಲ್ ಅಷ್ಟೇ ತಡೆಯುವಂಥದ್ದು) ಮಾತ್ರ ಇಲ್ಲಿ ನೇರವಾಗಿ ಸೇರಿಸಬೇಡಿ, ಸುಟ್ಟುಹೋಗುತ್ತೆ. ಕನ್ವರ್ಟರಿನಲ್ಲೂ ಡೂಪ್ಲಿಕೇಟ್ ಚಿಪ್ ಜಾಸ್ತಿ. ಅಂಥದ್ದಕ್ಕೆ ವಿಂಡೋಸ್ ಡ್ರೈವರ್ ತಕರಾರು ತೆಗೆಯುತ್ತದೆ. ಅಸಲಿ ಎಫ್‌ಟಿಡಿಐ ಕಂಪನಿಯ ಚಿಪ್ ಇರುವುದು ನನಗೆ ತೊಂದರೆ ಕೊಟ್ಟಿಲ್ಲ.

ಪುಟ್ಟಿ (ಪೋರ್ಟಿಗೆ ಬಂದದ್ದನ್ನು ತೋರಿಸುವ ಪ್ರೋಗ್ರಾಂ) ತೆರೆದು ವೇಗ 2400 ಬಾಡ್ ಇಟ್ಟಾಗ ಒಂದು ಸೋಜಿಗ ಕಂಡಿತು. 0, 3, 5, 6, 9 ಸರಿಯಾಗಿ ಬರುತ್ತಿವೆ. 1, 2, 4, 7, 8ರ ಜಾಗದಲ್ಲಿ ಮಾತ್ರ ವಿಚಿತ್ರ ಅಕ್ಷರಗಳು. ವೇಗ ತಪ್ಪಿದ್ದರೆ ಎಲ್ಲವೂ ಕೆಡಬೇಕಿತ್ತು, ಅಲ್ವಾ? ಕಾರಣ ಪ್ಯಾರಿಟಿ, ಅಂದರೆ ತಪ್ಪು ಹಿಡಿಯಲು ಪ್ರತಿ ಅಕ್ಷರದ ಜೊತೆ ಸೇರಿಸುವ ಒಂದು ಹೆಚ್ಚುವರಿ ಬಿಟ್. ಬ್ಯಾಲೆನ್ಸ್ ಕಳಿಸುವುದು 7 ಬಿಟ್, ಜೊತೆಗೆ ಈವನ್ ಪ್ಯಾರಿಟಿ (1ಗಳ ಒಟ್ಟು ಸಂಖ್ಯೆ ಸಮ ಆಗುವಂತೆ). ಕಂಪ್ಯೂಟರ್ ಓದುತ್ತಿದ್ದದ್ದು 8 ಬಿಟ್, ಪ್ಯಾರಿಟಿ ಇಲ್ಲದೆ. ಯಾವ ಅಂಕಿಯ ಕೋಡಿನಲ್ಲಿ 1ಗಳ ಸಂಖ್ಯೆ ಬೆಸವೋ ಅದಕ್ಕೆ ಪ್ಯಾರಿಟಿಯ 1 ಸೇರಿ ಬೇರೆ ಅಕ್ಷರವೇ ಆಗಿಬಿಡುತ್ತದೆ. ಅರ್ಧ ಅಂಕಿ ಸರಿ, ಅರ್ಧ ಕಸ ಅಂತ ಕಂಡರೆ ವೈರನ್ನು ಬಿಚ್ಚಬೇಡಿ, ಮೊದಲು ಪ್ಯಾರಿಟಿ ನೋಡಿ. ಒಂದಕ್ಷರವೂ ಬಾರದೇ ಇದ್ದರೆ ಬ್ಯಾಲೆನ್ಸ್ 'ಈಗ ಕಳಿಸು' ಅನ್ನುವ ಹ್ಯಾಂಡ್‌ಶೇಕ್ ಸಿಗ್ನಲ್‌ಗೆ ಕಾಯುತ್ತಿರಬಹುದು. ಆಗ ಬ್ಯಾಲೆನ್ಸಿನ ಕಡೆ 4 ಮತ್ತು 5ನೇ ಪಿನ್ ಸೇರಿಸಿ, 6, 8, 20ನ್ನೂ ಒಟ್ಟಿಗೆ ಸೇರಿಸಿ ನೋಡಿ.

ಉಳಿದದ್ದಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೀರಿಯಲ್ ಪೋರ್ಟ್ ಓದುವ ಪೈಸೀರಿಯಲ್ ಲೈಬ್ರರಿ ಸಾಕು. ತೂಕ ನಿಂತ ಮೇಲೆ ನಮ್ಮ ಬ್ಯಾಲೆನ್ಸ್ ಸಾಲಿನ ಮೊದಲು ಎಸ್‌ಟಿ ಅಂತ ಕಳಿಸುತ್ತದೆ, ಅಲುಗಾಡುವಾಗ ಯುಎಸ್. ಎಸ್‌ಟಿ ಇರುವ ಸಾಲುಗಳನ್ನಷ್ಟೇ ಸಮಯದ ಜೊತೆ ಫೈಲಿಗೆ ಬರೆಸುತ್ತೇನೆ.

ಆಮೇಲೂ ಒಂದು ಕಾಟ ಇತ್ತು. ಕಲ್ಲಿದ್ದಲು ಸುಡುವ ಮಫಲ್ ಫರ್ನೇಸಿನ ಕಾಂಟ್ಯಾಕ್ಟರ್ (ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಟಕ್ ಅಂದಾಗ ಕೆಲವು ಸಲ ಕನ್ವರ್ಟರ್ ಕಂಪ್ಯೂಟರಿನಿಂದ ಮಾಯವಾಗುತ್ತಿತ್ತು. ಶೀಲ್ಡ್ ಇರುವ ಕೇಬಲ್ ಹಾಕಿ, ಅದನ್ನು ಫರ್ನೇಸಿನ ವೈರಿನಿಂದ ದೂರ ಎಳೆದು, ಐಸೊಲೇಟೆಡ್ ಕನ್ವರ್ಟರ್ (ಎರಡೂ ಕಡೆಯ ಕರೆಂಟನ್ನು ಬೇರೆ ಇಡುವಂಥದ್ದು) ತಂದ ಮೇಲೆ ಅದು ನಿಂತಿತು.